ಪಾರ್ಕಿನ ಕೊಳ, ಗಾಳ ಮತ್ತು ನಮ್ಮ ನಿಯಮಗಳು

ಕನಕಪುರ ರಸ್ತೆ ಕಡೆಯ ನಮ್ಮ ಲೇಔಟಿನ ಪಾರ್ಕಿನಲ್ಲಿ ಎರಡು ಕೊಳಗಳಿವೆ. ಮೇಲಿನದಕ್ಕೆ ಮಳೆ ನೀರು ಬರುತ್ತದೆ, ಕೆಳಗಿನದಕ್ಕೆ ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರಿನ ಘಟಕದಲ್ಲಿ, ಶುದ್ಧ ಮಾಡಿದ ನೀರು. ನನಗೆ ಗಾಳ ಹಾಕುವ ಹುಚ್ಚು ಇದೆ ಅನ್ನೋ ಒಂದೇ ಕಾರಣಕ್ಕೆ ಅಸೋಸಿಯೇಷನ್ನಿನವರು ಇವುಗಳ ಉಸ್ತುವಾರಿ ನನ್ನ ತಲೆಗೆ ಕಟ್ಟಿದರು.

ಮೊದಲು ಅಲ್ಲಿ ‘ಮೀನು ಹಿಡಿಯಬಾರದು’ ಅಂತ ಬೋರ್ಡ್ ಇತ್ತು. ಯಾರೂ ಕೇರ್ ಮಾಡುತ್ತಿರಲಿಲ್ಲ. ಸೈಟ್ ಮಾಲೀಕರಿಗೆ ‘ಏಳಿ ಸಾರ್’ ಅಂತ ವಾಚ್‌ಮನ್ ಹೇಳೋದಾದರೂ ಹೇಗೆ? ಅದನ್ನು ತೆಗೆಸಿ, ಮೀನಿನ ಜಾತಿ ನೋಡಿ ಹೊಸ ನಿಯಮ ಬರೆದೆ.

ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ನೀರು ಬೇಕು. ನಮ್ಮಲ್ಲಿರುವುದೆಲ್ಲ ತಂದು ಬಿಟ್ಟ ಮರಿಗಳು ಬೆಳೆದದ್ದು. ಒಂದು ಹೋದರೆ ಒಂದು ಕಮ್ಮಿ, ಅಷ್ಟೇ. ಹಾಗಾಗಿ ಅವು ಸಿಕ್ಕರೆ ವಾಪಸ್ ನೀರಿಗೆ. ಜಿಲೇಬಿ ಮೀನಿನ ಕಥೆಯೇ ಬೇರೆ. ಗಂಡು ತಳದಲ್ಲಿ ಗುಂಡಿ ತೋಡುತ್ತದೆ, ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ವರ್ಷಕ್ಕೆ ಹಲವು ಸಲ! ಅದನ್ನು ಎಷ್ಟಾದರೂ ಒಯ್ಯಬಹುದು, ಆದರೆ ಮೇಲಿನ ಕೊಳದಿಂದ ಮಾತ್ರ. ಕೆಳಗಿನದರಲ್ಲಿ ಗಾಳವೇ ಇಲ್ಲ.

“ನೀರು ಕ್ಲೀನಾಗೇ ಇದೆಯಲ್ಲ ಮೇಡಂ?” ಅಂತ ಮೀಟಿಂಗಿನಲ್ಲಿ ಒಬ್ಬರು ಕೇಳಿದರು.

“ಹುಲ್ಲಿಗೆ ಬಿಡೋ ನೀರು ಅಂಕಲ್. ಅದರಲ್ಲಿ ಸಾರು ಮಾಡ್ತೀರಾ?” ಅಂದೆ. ಸುಮ್ಮನಾದರು.

ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳು ಇರುತ್ತದಲ್ವಾ, ಅದನ್ನು ಕಟಿಂಗ್ ಪ್ಲೇಯರಿನಲ್ಲಿ ಒತ್ತಿ ಮಟ್ಟ ಮಾಡಿದವರಿಗೆ ಮಾತ್ರ ಅನುಮತಿ. ಬಿಡಿಸುವಾಗ ಮೀನಿನ ಬಾಯಿ ಹರಿಯುವುದಿಲ್ಲ. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಒಣ ಕೈಗೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಆಮೇಲೆ ಅಲ್ಲಿ ಫಂಗಸ್ ಹಿಡಿಯುತ್ತದೆ. ಮಕ್ಕಳು ಇದನ್ನು ಬೇಗ ಕಲಿತರು, ದೊಡ್ಡವರಿಗೇ ಕಷ್ಟ. ನೀರುಕಾಗೆಯೊಂದರ ಕಾಲಿಗೆ ನೈಲಾನ್ ದಾರ ಸುತ್ತಿಕೊಂಡಿದ್ದು ಕಂಡ ಮೇಲೆ, ತುಂಡು ದಾರ ಜೇಬಿಗೇ ಹೋಗಬೇಕು ಅಂತಲೂ ಸೇರಿಸಿದೆವು.

ಗಾಳದವರಿಗಿಂತ ಜಾಸ್ತಿ ತಲೆನೋವು ಕೊಟ್ಟವರು ಪುಣ್ಯ ಬರಲಿ ಅಂತ ಬ್ರೆಡ್ಡು, ಕಡಲೆಪುರಿ ಸುರಿಯುವವರು. ಅದು ಕೊಳೆತು ಪಾಚಿ ಹೆಚ್ಚುತ್ತದೆ. ಕತ್ತಲಾದ ಮೇಲೆ ಪಾಚಿಯೂ ನೀರಿನ ಆಮ್ಲಜನಕವನ್ನೇ ಎಳೆಯುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದೇ ಗುರುತು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದ್ದು ಬೆಂಗಳೂರಿನವರಿಗೆ ನೆನಪಿರುತ್ತದೆ. ನಮ್ಮ ಮೀನುಗಳು ಹಾಗೆ ಬಾಯಿ ಬಿಟ್ಟ ಬೆಳಿಗ್ಗೆ, ನೀರಿಗೆ ಗಾಳಿ ಸೇರಲಿ ಅಂತ ಕಾರಂಜಿ ಓಡಿಸಿ, ಗಾಳಕ್ಕೆ ರಜೆ ಕೊಡುತ್ತೇವೆ.

ಗಣೇಶನನ್ನು, ಮಣ್ಣಿನದಾದರೂ, ಬಕೆಟ್ಟಿನಲ್ಲೇ ಬಿಡಬೇಕು. ಇದಕ್ಕೆ ತಕರಾರು ಬರಲಿಲ್ಲ. ಬಾಡಿಗೆಯವರಿಗೂ ಮಾಲೀಕರಿಗೂ ಒಂದೇ ನಿಯಮ ಅಂದಿದ್ದಕ್ಕೆ ಮಾತ್ರ ಜಗಳ ಇನ್ನೂ ನಡೆದೇ ಇದೆ.