ಶಿಕ್ಷಕರಿಗೆ ನಾಲ್ಕು ವಾರದ ಆನ್‌ಲೈನ್ ಕೋರ್ಸ್: ನಾನು ನಡೆಸುವ ಬಗೆ

ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಕೋವಿಡ್ ಕಾಲದಿಂದ ಈಚೆಗೆ ವರ್ಷಕ್ಕೆರಡು ಸಲ ನಾಲ್ಕನೇ, ಐದನೇ ತರಗತಿಯ ಶಿಕ್ಷಕರಿಗೆ ನಾಲ್ಕು ವಾರದ ಆನ್‌ಲೈನ್ ಕೋರ್ಸ್ ನಡೆಸುತ್ತಿದ್ದೇನೆ. ವಿಷಯ ಒಂದೇ, ಭಿನ್ನರಾಶಿ. ಮಳವಳ್ಳಿ, ಪಾಂಡವಪುರ, ಕೆ.ಆರ್. ಪೇಟೆಯಿಂದ ಸೇರುತ್ತಾರೆ, ಆಚೆ ಟಿ. ನರಸೀಪುರದಿಂದಲೂ ಬರುತ್ತಾರೆ. ನಾವೂ ಇಂಥದ್ದೊಂದು ಶುರು ಮಾಡಬೇಕು, ಹೇಗೆ ಅಂತ ಮೊನ್ನೆ ಇಬ್ಬರು ಸಿಆರ್‌ಪಿಗಳು (ಸುತ್ತಲಿನ ಶಾಲೆಗಳ ಶಿಕ್ಷಕರಿಗೆ ನೆರವಾಗುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲ ನಾನು ಭಾಷಣ ಮಾಡಿದ್ದೆ. ಒಂದೂವರೆ ಗಂಟೆ, 40 ಸ್ಲೈಡು. ಎಲ್ಲರ ಕ್ಯಾಮೆರಾ ಆಫ್ ಆಗಿತ್ತು. ಮಾರನೇ ದಿನ ಮೇಡಂ ಒಬ್ಬರು ಫೋನ್ ಮಾಡಿ, "ಚೆನ್ನಾಗಿತ್ತು ಸಾರ್. ಆದ್ರೆ ನಾಳೆ ಕ್ಲಾಸಲ್ಲಿ ಏನು ಮಾಡ್ಲಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲಿನ ಎಲ್ಲ ಕೋರ್ಸುಗಳನ್ನೂ ಆ ಪ್ರಶ್ನೆ ಮುಂದಿಟ್ಟುಕೊಂಡೇ ಕಟ್ಟಿದ್ದೇನೆ.

ಕೋರ್ಸ್ ಶುರುವಾಗುವ ಮುಂಚೆ ಪ್ರತಿಯೊಬ್ಬರಿಗೂ ಫೋನ್ ಮಾಡಿ. 24 ಜನಕ್ಕಿಂತ ಜಾಸ್ತಿ ತಗೋಬೇಡಿ. ತಲಾ ಐದು ನಿಮಿಷ ಅಂದರೆ ಎರಡು ಗಂಟೆಯ ಕೆಲಸ. ಯಾವ ತರಗತಿ, ಎಷ್ಟು ಮಕ್ಕಳು, ಯಾವ ಹೊತ್ತು ಬಿಡುವು, ಇಷ್ಟು ಕೇಳಿದರೆ ಸಾಕು. ನಮ್ಮಲ್ಲಿ ರಾತ್ರಿ 7:30 ಹೊಂದುತ್ತದೆ. ಸಂಜೆ ಬಸ್ ಇಳಿದು ಮನೆ ಸೇರಿ, ಒಂದು ಲೋಟ ಕಾಫಿ ಕುಡಿದ ಮೇಲೆ.

ಬಂದವರಿಗೆ ಆನ್‌ಲೈನ್ ಕಲಿಕೆ ಹೊಸದಲ್ಲ. ಸರ್ಕಾರದ ಕಲಿಕಾ ಜಾಲತಾಣ ದೀಕ್ಷಾ 2017ರಲ್ಲೇ ಬಂತು, ಶಿಕ್ಷಕರ ತರಬೇತಿಯ ನಿಷ್ಠಾ ಕೋರ್ಸುಗಳು 2020ರಲ್ಲಿ ಅದರ ಮೇಲೆ ಬಂದವು. ವರ್ಷಕ್ಕೆ ಕನಿಷ್ಠ 50 ಗಂಟೆ ತರಬೇತಿ ಇರಬೇಕು ಅಂತ 2020ರ ಶಿಕ್ಷಣ ನೀತಿಯೂ ಹೇಳುತ್ತದೆ. ಹಾಗಾಗಿ ವಿಡಿಯೊ ನೋಡಿ, ಕ್ವಿಜ್ ಮುಗಿಸಿ, ಸರ್ಟಿಫಿಕೇಟ್ ಇಳಿಸಿಕೊಳ್ಳೋದು ಎಲ್ಲರಿಗೂ ಗೊತ್ತು. ತಮ್ಮ ತರಗತಿಯಲ್ಲಿ ಏನಾಯಿತು ಅಂತ ಇನ್ನೊಬ್ಬ ಮೇಷ್ಟ್ರಿಗೆ ಹೇಳಿಕೊಳ್ಳಲು ಮಾತ್ರ ಜಾಗ ಕಡಿಮೆ. ನಿಮ್ಮ ಕೋರ್ಸ್ ಆ ಜಾಗ ಆಗಲಿ.

ಅದಕ್ಕೆ ವಾರಕ್ಕೆ ಒಂದೇ ಕೆಲಸ ಕೊಡಿ. ನಾಳೆ ಬೆಳಿಗ್ಗೆ ಹತ್ತು ನಿಮಿಷದಲ್ಲಿ ಮಾಡಿ ನೋಡುವಂಥದ್ದು. ನನ್ನ ಮೊದಲ ವಾರದ ಕೆಲಸ ಇಷ್ಟೇ: ಐದು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು 1/3 ದೊಡ್ಡದೋ 1/4 ದೊಡ್ಡದೋ ಅಂತ ಕೇಳಿ. ಯಾಕೆ ಅಂತ ಮಗು ಹೇಳಿದ್ದನ್ನು ಅದರ ಮಾತಲ್ಲೇ ಬರೆದುಕೊಳ್ಳಿ. ತಿದ್ದಬೇಡಿ. ಕೋರ್ಸಿನ ಮೊಬೈಲ್ ಗುಂಪಿಗೆ ಅದರ ಬಗ್ಗೆ ಎರಡು ನಿಮಿಷದ ವಾಯ್ಸ್ ನೋಟ್ ಹಾಕಿ. "1/4 ದೊಡ್ಡದು, 3ಕ್ಕಿಂತ 4 ಜಾಸ್ತಿ ಅಲ್ವಾ" ಅನ್ನೋ ಉತ್ತರ ಪ್ರತಿ ಸಲ, ಪ್ರತಿ ತಾಲ್ಲೂಕಿನಿಂದ ಬಂದಿದೆ.

ಎರಡನೇ ವಾರ, ಆ ಮಗುವಿಗೆ ಕೈಯಲ್ಲಿ ಹಿಡಿಯುವ ವಸ್ತು ಕೊಟ್ಟು ನೋಡಿ ಅನ್ನುತ್ತೇನೆ. ಒಂದು ಸಲ ಪಾಂಡವಪುರ ಕಡೆಯ ಮೇಷ್ಟ್ರು ಒಂದೇ ಉದ್ದದ ಎರಡು ಕಬ್ಬಿನ ಜಲ್ಲೆ ತಂದರು. ಒಂದನ್ನು ಸಮನಾಗಿ ಮೂರು ತುಂಡು ಮಾಡಿದರು, ಇನ್ನೊಂದನ್ನು ನಾಲ್ಕು. ಒಬ್ಬ ಹುಡುಗನನ್ನು ಕರೆದು, ನಿನಗೆ ಯಾವ ತುಂಡು ಬೇಕೋ ತಗೋ ಅಂದರು. ಹುಡುಗ ಎಲ್ಲವನ್ನೂ ತಿರುಗಿಸಿ ನೋಡಿ, ಗಿಣ್ಣು ಮುಟ್ಟಿ ನೋಡಿ, ನಾಲ್ಕರಲ್ಲಿನ ಒಂದು ಸಣ್ಣ ತುಂಡು ಎತ್ತಿಕೊಂಡ. ಯಾಕೋ ಅಂದರೆ, "ಇದು ಬುಡದ್ದು ಸಾರ್. ಬುಡ ಸಿಹಿ" ಅಂದ.

ಅವನು ಹೇಳಿದ್ದು ಸರಿ. ಕಬ್ಬಿನ ಬುಡ ಸಿಹಿ, ತುದಿ ಸಪ್ಪೆ. ಮೇಷ್ಟ್ರು ಮಾತ್ರ ತಮ್ಮ ಪಾಠ ಕೆಟ್ಟಿತು ಅಂದುಕೊಂಡು ಎರಡು ದಿನ ಗುಂಪಿಗೆ ಏನೂ ಹಾಕಲಿಲ್ಲ. ನಾನು ಫೋನ್ ಮಾಡಿದಾಗ ಸಂಕೋಚದಿಂದ ಹೇಳಿದರು. ದಯವಿಟ್ಟು ಇದನ್ನೇ ಹಾಕಿ ಅಂದೆ. ಆ ರಾತ್ರಿ ಗುಂಪಿನಲ್ಲಿ 11ರವರೆಗೂ ಮಾತು ನಡೆಯಿತು. ಉದ್ದ ಸಮ ಇದ್ದರೆ ಸಾಕಾ? ತುಂಡುಗಳು ಬೇರೆ ಎಲ್ಲ ರೀತಿಯಲ್ಲೂ ಒಂದೇ ಥರ ಇರಬೇಕಲ್ವಾ? ಹಾಗಾದರೆ ಏನು ತರೋಣ? ಕೊನೆಗೆ ಟಿ. ನರಸೀಪುರದ ಮೇಡಂ ಒಬ್ಬರು ಕಾಗದದ ಪಟ್ಟಿ ಸಾಕು ಅಂದರು. ಮಾರನೇ ದಿನ ಆರು ಶಾಲೆಗಳಲ್ಲಿ ಪಟ್ಟಿ ಮಡಚಿದರು. ನನ್ನ 40 ಸ್ಲೈಡಿನಿಂದ ಇದು ಆಗುತ್ತಿರಲಿಲ್ಲ.

ಕೋರ್ಸ್ ನಡೆಸುವವರ ಮುಖ್ಯ ಕೆಲಸ ಇಲ್ಲೇ ಇದೆ, ಉತ್ತರ ಬರೆಯೋದರಲ್ಲಿ. "ಸೂಪರ್ ಮೇಡಂ" ಅಂತ ಹಾಕಿ ಹೆಬ್ಬೆರಳು ತೋರಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅವರು ಹೇಳಿದ್ದರಲ್ಲಿ ಒಂದನ್ನು ಹೆಸರಿಸಿ, ಅದರ ಬಗ್ಗೆ ಒಂದು ಪ್ರಶ್ನೆ ಕೇಳಿ. "ಆ ಹುಡುಗ ಎರಡನೇ ಸಲ ಯಾಕೆ ಸುಮ್ನಾದ? ನಾಳೆ ಅವನಿಗೆ 1/5, 1/8 ಕೊಟ್ಟು ನೋಡ್ತೀರಾ?" ಇಷ್ಟು ಸಾಕು. ಆದರೆ ಒಂದು ದಿನದೊಳಗೆ ಬರೆಯಬೇಕು. ತಡವಾದರೆ ಅವರಿಗೆ ಆ ತರಗತಿಯೇ ಮರೆತಿರುತ್ತದೆ. ನಾನು ದಿನಕ್ಕೆ ನಲವತ್ತು ನಿಮಿಷ ಇದಕ್ಕೇ ಇಡುತ್ತೇನೆ.

ಎಲ್ಲರೂ ಆನ್‌ಲೈನ್‌ನಲ್ಲಿ ಒಟ್ಟಿಗೆ ಸೇರುವ ಮೀಟಿಂಗ್ ವಾರಕ್ಕೊಂದು, 45 ನಿಮಿಷ. ಅದರಲ್ಲಿ ಹೊಸ ಪಾಠ ಬೇಡ. ಆ ವಾರದ ಎರಡು ವಾಯ್ಸ್ ನೋಟ್ ಕೇಳಿಸಿ, ಅದರ ಮೇಲೆ ಮಾತಾಡಿ. ಕೇಳಿಸುವ ಮುಂಚೆ ಅವರ ಒಪ್ಪಿಗೆ ಪಡೆಯಿರಿ. ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಶಿಕ್ಷಕರು ತರಗತಿಯಲ್ಲಿ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಮಕ್ಕಳು ಉದ್ದವಾಗಿ, ಯೋಚಿಸಿ ಉತ್ತರಿಸುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಆನ್‌ಲೈನ್‌ನಲ್ಲಿ ಮ್ಯೂಟ್ ತೆಗೆಯಲೇ ಮೂರು ಸೆಕೆಂಡ್ ಬೇಕು. ಹಾಗಾಗಿ ನಾನು ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತೇನೆ. ಏಳು, ಎಂಟರ ಹೊತ್ತಿಗೆ ಯಾರಾದರೂ ಶುರು ಮಾಡುತ್ತಾರೆ. ಕ್ಯಾಮೆರಾ ಆನ್ ಮಾಡಿ ಅಂತ ಒತ್ತಾಯ ಬೇಡ. ಎಷ್ಟೋ ಜನ ಅಡುಗೆಮನೆಯಲ್ಲಿ ನಿಂತೇ ಸೇರಿರುತ್ತಾರೆ, ದಿನದ ಡೇಟಾಕ್ಕೂ ಮಿತಿ ಇರುತ್ತದೆ.

ಟೈಪ್ ಮಾಡಿದ ಹಾಳೆ ಕಳಿಸುವುದಾದರೆ ಯಾವ ಮೊಬೈಲ್‌ನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡ್‌ನಲ್ಲೇ ಇರಲಿ. ಹಳೇ ನುಡಿ ಫಾಂಟ್‌ನಲ್ಲಿ ಮಾಡಿದ ಫೈಲನ್ನು ಒಮ್ಮೆ ಹಾಗೇ ಕಳಿಸಿದ್ದೆ. ಎಲ್ಲರ ಮೊಬೈಲ್‌ನಲ್ಲೂ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಂಡಿತು.

ಮೂರನೇ ವಾರ ಕೆಲವರು ಸದ್ದಿಲ್ಲದೆ ನಿಲ್ಲುತ್ತಾರೆ. ಪರೀಕ್ಷೆ, ಚುನಾವಣೆ ಕೆಲಸ, ಮನೆಯಲ್ಲಿ ಹುಷಾರಿಲ್ಲದವರು. ಗುಂಪಿನಲ್ಲಿ ಹೆಸರು ಹಾಕಿ ಕೇಳಬೇಡಿ, ಅದು ಮನಸ್ಸಿಗೆ ಚುಚ್ಚುತ್ತದೆ. ಫೋನ್ ಮಾಡಿ, ಬಿಟ್ಟುಹೋದದ್ದನ್ನು ಬಿಡಿ, ಈ ವಾರದ್ದು ಮಾತ್ರ ಮಾಡಿ ಅನ್ನಿ. ಅರ್ಧಕ್ಕಿಂತ ಜಾಸ್ತಿ ಜನ ವಾಪಸ್ ಬಂದಿದ್ದಾರೆ.

ಮೇಷ್ಟ್ರೇ ಮೇಷ್ಟ್ರಿಗೆ ಕಲಿಸೋದು ನಡೆಯುತ್ತಾ ಅಂತ ಅನುಮಾನ ಪಡುವವರಿಗೆ ನಾನು ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯನ್ನು ನೆನಪಿಸುತ್ತೇನೆ. ಚಿಕ್ಕ ಮಕ್ಕಳು ಕಾರ್ಡುಗಳ ಮೂಲಕ ನಲಿಯುತ್ತಾ ಕಲಿಯುವ ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾಗಿದ್ದು ಅಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಒಟ್ಟಿಗೆ ಕೂತು ಕಾರ್ಡುಗಳನ್ನು ತಯಾರಿಸಿದರು.

ಕೋರ್ಸ್ ಮುಗಿದು ಒಂದು ತಿಂಗಳಾದ ಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ ಕಳಿಸಿ: ಈಗಲೂ ಮಾಡುತ್ತಿರುವುದು ಏನು? ಕಬ್ಬು ತಂದ ಮೇಷ್ಟ್ರಿಂದ ಒಂದು ಫೋಟೊ ಬಂತು. ಗೋಡೆ ಮೇಲೆ ಕಾಗದದ ಪಟ್ಟಿಗಳು, 1/2ರಿಂದ 1/8ರವರೆಗೆ, ಮಕ್ಕಳೇ ಬಣ್ಣ ಹಚ್ಚಿದ್ದು. ಅವರ ಎರಡನೇ ವಾರದ ವಾಯ್ಸ್ ನೋಟನ್ನು, ಅವರ ಒಪ್ಪಿಗೆ ಪಡೆದು, ಈಗ ಪ್ರತಿ ಹೊಸ ಗುಂಪಿಗೂ ಮೊದಲ ದಿನವೇ ಕೇಳಿಸುತ್ತೇನೆ.