ನಿಂತುಹೋದ ಕೆಡೆಟ್ ದಳವನ್ನು ಸೇವಾಕಾರ್ಯದ ಮೂಲಕ ಮತ್ತೆ ಕಟ್ಟುವ ಬಗೆ

ಕೆಡೆಟ್ ದಳವೊಂದು ನಿಂತುಹೋದಾಗ, ಈಗಿನ ಮಕ್ಕಳಿಗೆ ಶಿಸ್ತು ಬೇಡವಾಗಿದೆ ಎಂಬ ಮಾತು ಸುಲಭವಾಗಿ ಬಂದುಬಿಡುತ್ತದೆ. ಆದರೆ ನಿಂತ ದಳದ ಹಿಂದಿನ ಕಥೆಯನ್ನು ವಿಚಾರಿಸಿ ನೋಡಿದರೆ, ಒಬ್ಬರೇ ಅಧಿಕಾರಿ ಎಲ್ಲವನ್ನೂ ಹೊತ್ತು ನಡೆಸುತ್ತಿದ್ದುದು, ಅವರಿಗೆ ವರ್ಗವಾದದ್ದು ಅಥವಾ ವಯಸ್ಸಾದದ್ದು, ಸಾಮಾನು ಕೋಣೆಯ ಬೀಗದ ಕೈ ಯಾರ ಬಳಿ ಇದೆ ಎಂಬುದೂ ಉಳಿದವರಿಗೆ ತಿಳಿಯದೆ ಹೋದದ್ದು, ಇಂಥವೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಪುನರಾರಂಭದ ಕೆಲಸವನ್ನು ಮಕ್ಕಳನ್ನು ಸೇರಿಸುವುದರಿಂದ ಆರಂಭಿಸಬಾರದು. ಮೊದಲು ಹಿರಿಯರು ಸಿಗಬೇಕು, ಅವರೊಂದಿಗೆ ದಳಕ್ಕೆ ಮಾಡಲು ಒಂದು ನಿಜವಾದ ಕೆಲಸ ಸಿಗಬೇಕು.

ಈ ಎರಡನೆಯದನ್ನು ಒತ್ತಿ ಹೇಳಲು ಕಾರಣವಿದೆ. ಇಂಗ್ಲೆಂಡಿನ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆ 1877ರಲ್ಲಿ ದೊಡ್ಡವರಿಗೆ ಪ್ರಥಮ ಚಿಕಿತ್ಸೆ ಕಲಿಸಲು ಹುಟ್ಟಿತು; ಅದರ ಕೆಡೆಟ್ ವಿಭಾಗ ಬಂದದ್ದು 1922ರಲ್ಲಿ, ಅಂದರೆ ಕೆಲಸ ಮೊದಲೇ ಇತ್ತು, ಮಕ್ಕಳು ಆಮೇಲೆ ಅದಕ್ಕೆ ಸೇರಿದರು. 1907ರಲ್ಲಿ ಅದೇ ದೇಶದ ಬ್ರೌನ್‌ಸೀ ದ್ವೀಪದ ಪ್ರಾಯೋಗಿಕ ಶಿಬಿರದಿಂದ ಬೆಳೆದ ಸ್ಕೌಟ್ ಚಳವಳಿ ದಿನಕ್ಕೊಂದು ಉಪಕಾರ ಮಾಡಬೇಕೆಂಬ ನಿಯಮವನ್ನು ತನ್ನ ಬುನಾದಿಯಲ್ಲೇ ಇಟ್ಟುಕೊಂಡಿತು. ಸೇನೆಯ ಮಾದರಿಯಲ್ಲಿ 1948ರಲ್ಲಿ ಆರಂಭವಾದ ಭಾರತದ ಎನ್‌ಸಿಸಿಯ ತರಬೇತಿಯಲ್ಲಿಯೂ ಸಮಾಜಸೇವೆಗೆ ಸ್ಥಾನವಿದೆ. ಕವಾಯತು ಮಾತ್ರ ಉಳಿದ ದಳ ಒಂದೆರಡು ವರ್ಷಗಳಲ್ಲಿ ಮಕ್ಕಳಿಗೆ ಬೇಸರ ತರಿಸುತ್ತದೆ, ಅದು ಮಕ್ಕಳ ತಪ್ಪಲ್ಲ.

ಹಾಗಾಗಿ ಮೊದಲ ತಿಂಗಳನ್ನು ವಿಚಾರಣೆಗೆ ಮೀಸಲಿಡಿ. ಹಿಂದೆ ದಳ ನಡೆಸಿದವರನ್ನು ಕಂಡು, ಅದು ಏಕೆ ನಿಂತಿತು ಎಂದು ನೇರವಾಗಿ ಕೇಳಿ. ಹಳೆಯ ಹಾಜರಿ ಪುಸ್ತಕ, ಬ್ಯಾಂಕ್ ಖಾತೆಯ ಉಳಿಕೆ, ಡೇರೆ ಮತ್ತು ಸ್ಟ್ರೆಚರ್‌ಗಳ ಪಟ್ಟಿ ಎಲ್ಲಿವೆ ಎಂದು ಪತ್ತೆ ಹಚ್ಚಿ. ಮಾತೃಸಂಸ್ಥೆಗೆ ಬರೆದು ದಳದ ನೋಂದಣಿ ಇನ್ನೂ ಜೀವಂತವಾಗಿದೆಯೇ, ವಿಮೆ ಇದೆಯೇ ಎಂದು ಲಿಖಿತ ಉತ್ತರ ಪಡೆಯಿರಿ. ಅನುಮತಿಯಿಲ್ಲದೆ ಅದರ ಹೆಸರನ್ನಾಗಲಿ ಲಾಂಛನವನ್ನಾಗಲಿ ಬಳಸುವಂತಿಲ್ಲ. ಹಿಂದಿನ ಲೆಕ್ಕದ ತಕರಾರಾಗಲಿ ಯಾವುದಾದರೂ ದೂರಾಗಲಿ ಇತ್ಯರ್ಥವಾಗದೆ ಉಳಿದಿದ್ದರೆ ಅದನ್ನು ಮುಗಿಸದೆ ಮುಂದುವರಿಯಬೇಡಿ, ಏಕೆಂದರೆ ಪೋಷಕರ ನೆನಪು ಸಮಿತಿಗಳ ನೆನಪಿಗಿಂತ ಗಟ್ಟಿ.

ಹಿರಿಯರನ್ನು ಹುಡುಕುವಾಗ ‘ಬನ್ನಿ, ಸ್ವಲ್ಪ ಸಹಾಯ ಮಾಡಿ’ ಎಂದು ಕರೆದರೆ ಯಾರೂ ಬರುವುದಿಲ್ಲ; ಆ ‘ಸ್ವಲ್ಪ’ ಎಷ್ಟಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದೆ. ಬದಲಿಗೆ, ಇಂತಿಂಥ ಕೆಲಸ, ವಾರಕ್ಕೆ ಇಷ್ಟು ಗಂಟೆ, ಇಂಥ ತಿಂಗಳಿಗೆ ಮುಗಿಯುತ್ತದೆ ಎಂದು ನಿಖರವಾಗಿ ಹೇಳಿ ಕೇಳಬೇಕು. ತರಬೇತಿ ಒಬ್ಬರಿಗೆ, ಲೆಕ್ಕಪತ್ರ ಇನ್ನೊಬ್ಬರಿಗೆ, ಪೋಷಕರೊಡನೆ ಪತ್ರವ್ಯವಹಾರ ಮತ್ತೊಬ್ಬರಿಗೆ ಹಂಚಿಹೋದರೆ, ಒಬ್ಬರು ಬಿಟ್ಟುಹೋದಾಗಲೂ ದಳ ನಡೆಯುತ್ತದೆ. ಹಿಂದೆ ಇದೇ ದಳದಲ್ಲಿ ಕೆಡೆಟ್ ಆಗಿದ್ದವರು ಈ ಕೆಲಸಕ್ಕೆ ಮೊದಲು ನೆನಪಾಗುತ್ತಾರೆ, ಅವರನ್ನು ಕರೆಯುವುದು ಸರಿಯೇ. ಆದರೆ ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂಬ ಮಾತನ್ನೇ ತರಬೇತಿ ಎಂದುಕೊಂಡವರನ್ನು ಲೆಕ್ಕಪತ್ರಕ್ಕೆ ಹಾಕುವುದು ಕ್ಷೇಮ.

ಬರುವವರು ಎಷ್ಟೇ ಪರಿಚಿತರಾಗಿರಲಿ, ಅವರ ಹಿನ್ನೆಲೆಯ ಪರಿಶೀಲನೆ ಆಗಲೇಬೇಕು. ಯಾವುದೇ ಹಿರಿಯರು ಒಂದು ಮಗುವಿನೊಡನೆ ಒಂಟಿಯಾಗಿ ಇರಬಾರದು, ಕನಿಷ್ಠ ಇಬ್ಬರು ಹಿರಿಯರಿಲ್ಲದೆ ಯಾವ ಚಟುವಟಿಕೆಯೂ ನಡೆಯಬಾರದು, ಕೆಡೆಟ್‌ಗಳಿಗೆ ಕಳುಹಿಸುವ ಸಂದೇಶಗಳು ಪೋಷಕರಿಗೂ ಕಾಣುವಂತಿರಬೇಕು. ಮಕ್ಕಳು ದೂರು ಹೇಳಿಕೊಳ್ಳಲು ದಳದ ಅಧಿಕಾರಿಗಳಿಂದ ಹೊರಗಿನ ಒಬ್ಬ ವ್ಯಕ್ತಿಯನ್ನು ಗೊತ್ತುಮಾಡಿ, ಅವರ ಹೆಸರನ್ನು ಮೊದಲ ದಿನವೇ ತಿಳಿಸಿ.

ಇನ್ನು ಸೇವಾಕಾರ್ಯದ ಆಯ್ಕೆ. ವರ್ಷಕ್ಕೆ ಒಂದೇ ಉದ್ದೇಶ ಸಾಕು. ಅದನ್ನು ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಮಕ್ಕಳು ತಮ್ಮ ಕೈಯಾರೆ ಮಾಡಬಹುದಾದ ಕೆಲಸ ಅದರಲ್ಲಿದೆಯೇ, ಅದು ತಿಂಗಳು ತಿಂಗಳೂ ಇರುತ್ತದೆಯೇ, ನೆರವು ಪಡೆಯುವ ಸಂಸ್ಥೆಗೆ ಅದು ನಿಜಕ್ಕೂ ಬೇಕಾಗಿದೆಯೇ. ರಕ್ತದಾನವನ್ನೇ ತೆಗೆದುಕೊಳ್ಳಿ. ಹೆಚ್ಚಿನ ಕಡೆ 18 ವರ್ಷ ತುಂಬದವರು ರಕ್ತ ಕೊಡುವಂತಿಲ್ಲವಾದ್ದರಿಂದ ಇದು ಕೆಡೆಟ್‌ಗಳಿಗೆ ಸಂಬಂಧಿಸಿದ್ದಲ್ಲ ಎಂದು ತೋರಬಹುದು. ಆದರೆ ಶಿಬಿರವೊಂದರಲ್ಲಿ ಬಂದವರ ಹೆಸರು ಬರೆದುಕೊಳ್ಳುವುದು, ಸರದಿ ನೋಡಿಕೊಳ್ಳುವುದು, ರಕ್ತ ಕೊಟ್ಟು ಎದ್ದವರನ್ನು ಕೂಡಿಸಿ ಕುಡಿಯಲು ಕೊಟ್ಟು ಹತ್ತು ಹದಿನೈದು ನಿಮಿಷ ಅವರ ಮೇಲೆ ಕಣ್ಣಿಟ್ಟಿರುವುದು, ತಲೆಸುತ್ತು ಬಂದರೆ ಕೂಡಲೇ ಸಿಬ್ಬಂದಿಯನ್ನು ಕರೆಯುವುದು, ಇವೆಲ್ಲ ತರಬೇತಾದ ಹದಿನಾಲ್ಕರ ಮಕ್ಕಳು ಚೆನ್ನಾಗಿಯೇ ಮಾಡಬಲ್ಲ ಕೆಲಸಗಳು. ಜೂನ್ 14ರ ವಿಶ್ವ ರಕ್ತದಾನಿಗಳ ದಿನವನ್ನು ಗುರಿಯಾಗಿಟ್ಟುಕೊಂಡರೆ ತರಬೇತಿಗೂ ಒಂದು ಗಡುವು ದೊರೆಯುತ್ತದೆ. ಇದಕ್ಕೆ ವಿರುದ್ಧವಾಗಿ, ವರ್ಷಕ್ಕೊಮ್ಮೆ ಹೋಗಿ ಏನನ್ನೋ ಹಂಚಿ, ಪಡೆದವರನ್ನು ಸಾಲಾಗಿ ನಿಲ್ಲಿಸಿ ಚಿತ್ರ ತೆಗೆಸಿಕೊಂಡು ಬರುವ ಕಾರ್ಯಕ್ರಮದಿಂದ ಮಕ್ಕಳು ಕಲಿಯುವುದು ಚಿತ್ರಕ್ಕೆ ನಿಲ್ಲುವುದನ್ನು ಮಾತ್ರ, ಅದನ್ನು ಬಿಟ್ಟುಬಿಡಿ.

ಹಣ ಸಂಗ್ರಹಿಸುವುದಾದರೆ ನಿಯಮಗಳನ್ನು ಮೊದಲೇ ಬರೆದಿಡಬೇಕು. ಸಾರ್ವಜನಿಕವಾಗಿ ದೇಣಿಗೆ ಎತ್ತಲು ಅನುಮತಿ ಬೇಕಾದ ಕಡೆ ಅದನ್ನು ಪಡೆಯಿರಿ. ಡಬ್ಬಿಗೆ ಕ್ರಮಸಂಖ್ಯೆ ಬರೆದು, ಮುಚ್ಚಳದ ಅಂಚಿಗೆ ಕಾಗದ ಅಂಟಿಸಿ, ಆ ಕಾಗದದ ಮೇಲೆ ಇಬ್ಬರು ಸಹಿ ಹಾಕಬೇಕು. ಸಂಜೆ ಸಂಬಂಧಿಕರಲ್ಲದ ಇಬ್ಬರು ಹಿರಿಯರು ಕೆಡೆಟ್‌ಗಳ ಎದುರಿನಲ್ಲೇ ಅದನ್ನು ಒಡೆದು, ನೋಟು ಚಿಲ್ಲರೆಗಳನ್ನು ಬೇರೆಬೇರೆಯಾಗಿ ಎಣಿಸಿ, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಸಹಿ ಮಾಡಬೇಕು. ಖರ್ಚನ್ನು ಡಬ್ಬಿಯಿಂದಲೇ ತೆಗೆದುಕೊಡುವ ಅಭ್ಯಾಸ ಬೇಡ. ಬಂದದ್ದೆಲ್ಲ ಮೊದಲು ಇಬ್ಬರ ಸಹಿಯ ಖಾತೆಗೆ ಹೋಗಲಿ. ದಳದ ಸ್ವಂತ ಖರ್ಚಿಗಾಗಿ ಕೇಳಿದ ಹಣವನ್ನೂ ಸೇವಾಸಂಸ್ಥೆಗಾಗಿ ಕೇಳಿದ ಹಣವನ್ನೂ ಒಂದೇ ಡಬ್ಬಿಯಲ್ಲಿ ಸೇರಿಸಬಾರದು, ಯಾವುದಕ್ಕೆ ಕೇಳುತ್ತಿದ್ದೇವೆ ಎಂಬುದು ಡಬ್ಬಿಯ ಮೇಲೆಯೇ ಬರೆದಿರಬೇಕು. ಸಂಸ್ಥೆಯಿಂದ ರಸೀದಿ ಬಂದ ಮೇಲೆ ಅದನ್ನು ಸೂಚನಾಫಲಕಕ್ಕೆ ಹಾಕಿ.

ಇಷ್ಟಾದ ಮೇಲೆ ಮಕ್ಕಳನ್ನು ಕರೆಯಿರಿ. ಹತ್ತು ಹನ್ನೆರಡು ಮಂದಿ ಬಂದರೆ ಧಾರಾಳವಾಯಿತು. ಅವರನ್ನು ಆರೆಂಟು ಜನರನ್ನು ಮೀರದ ಚಿಕ್ಕ ತಂಡಗಳಾಗಿ ಮಾಡಿ, ಪ್ರತಿ ತಂಡಕ್ಕೆ ಅವರಲ್ಲೇ ಒಬ್ಬರನ್ನು ನಾಯಕರನ್ನಾಗಿಸಿ. ಮೊದಲ ಸಭೆಯಲ್ಲಿ ಭಾಷಣ ಬೇಡ, ಕೈಗೆ ಕೆಲಸ ಕೊಡಿ. ತ್ರಿಕೋನ ಬ್ಯಾಂಡೇಜಿನಿಂದ ಗಾಯಗೊಂಡ ಕೈಯನ್ನು ಕೊರಳಿಗೆ ತೂಗುಹಾಕುವುದನ್ನು ಕಲಿಸಬಹುದು: ಬಟ್ಟೆಯ ಉದ್ದ ಅಂಚಿಗೆ ಎದುರಿನ ಮೂಲೆ ಮೊಣಕೈಯ ಕಡೆಗೆ ಬರಬೇಕು, ಅಂಗೈ ಮೊಣಕೈಗಿಂತ ತುಸು ಮೇಲಿರಬೇಕು, ಗಂಟು ಪೆಟ್ಟಾದ ಬದಿಯಲ್ಲಿ ಕೊರಳೆಲುಬಿನ ಮೇಲಿನ ತಗ್ಗಿನಲ್ಲಿ ಕೂರಬೇಕು, ಬೆರಳ ತುದಿಗಳು ಹೊರಗೆ ಕಾಣುತ್ತಿರಬೇಕು. ಬೆರಳು ಏಕೆ ಕಾಣಬೇಕು ಎಂದು ಮಕ್ಕಳನ್ನೇ ಕೇಳಿ. ಕಟ್ಟು ಬಿಗಿಯಾದರೆ ಬೆರಳು ಬಣ್ಣಗೆಡುತ್ತದೆ, ತಣ್ಣಗಾಗುತ್ತದೆ ಎಂಬುದನ್ನು ಅವರಲ್ಲಿ ಯಾರಾದರೂ ಊಹಿಸುತ್ತಾರೆ. ಮುಂದಿನ ವಾರಗಳಲ್ಲಿ ಹೃದಯ ನಿಂತಾಗ ಎದೆಯನ್ನು ಒತ್ತಿ ರಕ್ತಸಂಚಾರ ನಡೆಯುವಂತೆ ಮಾಡುವ ಸಿಪಿಆರ್ ವಿಧಾನವನ್ನು, ನಿಮಿಷಕ್ಕೆ 100ರಿಂದ 120 ಒತ್ತುಗಳ ಲಯ ತಪ್ಪದಂತೆ, ಅರ್ಹ ತರಬೇತುದಾರರಿಂದ ಬೊಂಬೆಯ ಮೇಲೆ ಕಲಿಸಿ. ಕವಾಯತಿಗೆ ಪ್ರತಿ ಸಭೆಯಲ್ಲಿ ಕಾಲು ಗಂಟೆ ಸಾಕು, ಅದೂ ಕೆಲಸದ ಜಾಗಕ್ಕೆ ಸಾಲಾಗಿ ಹೋಗಿಬರಲು ಬೇಕಾದಷ್ಟು.

ಸಮವಸ್ತ್ರವನ್ನು ತಡವಾಗಿ ಕೊಡುವುದೇ ಒಳ್ಳೆಯದು. ಮೊದಲ ದಿನವೇ ಪೂರ್ಣ ಸಮವಸ್ತ್ರ ಕೊಳ್ಳಿರಿ ಎಂದರೆ ಹಣವಿಲ್ಲದ ಮನೆಯ ಮಕ್ಕಳು ಸದ್ದಿಲ್ಲದೆ ಹೊರಗುಳಿಯುತ್ತಾರೆ. ಮೂರು ತಿಂಗಳು ಬಂದವರಿಗೆ ದಳದ ದಾಸ್ತಾನಿನಿಂದಲೇ ಕೊಡುವ, ಬಿಟ್ಟುಹೋಗುವಾಗ ಒಗೆದು ಹಿಂದಿರುಗಿಸುವ ಕ್ರಮವಿದ್ದರೆ ಈ ಸಮಸ್ಯೆ ಹುಟ್ಟುವುದೇ ಇಲ್ಲ.

ವರ್ಷದ ಕೊನೆಗೆ ಸೇವಾಸಂಸ್ಥೆಯವರನ್ನು ಕರೆದು, ಮಕ್ಕಳ ಕೆಲಸದಿಂದ ಯಾವುದು ನೆರವಾಯಿತು, ಯಾವುದು ತೊಂದರೆ ಕೊಟ್ಟಿತು ಎಂದು ಮಕ್ಕಳೆದುರಿಗೇ ಹೇಳಿಸಿ, ಅದನ್ನು ಆಧರಿಸಿ ಮುಂದಿನ ವರ್ಷದ ಕೆಲಸ ಗೊತ್ತುಮಾಡಿ. ಅದೇ ಸಭೆಯಲ್ಲಿ ಪ್ರತಿ ಹುದ್ದೆಗೂ ಒಬ್ಬ ಸಹಾಯಕರನ್ನು ಹೆಸರಿಸಿ, ಬೀಗದ ಕೈಯ ಇನ್ನೊಂದು ಪ್ರತಿಯನ್ನು, ಖಾತೆಯ ವಿವರವನ್ನು, ಪೋಷಕರ ದೂರವಾಣಿ ಪಟ್ಟಿಯನ್ನು ಅವರಿಗೆ ಸಹಿ ಪಡೆದು ಒಪ್ಪಿಸಿ.