ಮನೆ ಖಾಲಿ ಮಾಡುವಾಗ ಅಡ್ವಾನ್ಸ್ ವಾಪಸ್ ತಗೊಳ್ಳೋದು ಹೇಗೆ?

"ಹೊಸಬರು ಬಂದು ಅಡ್ವಾನ್ಸ್ ಕೊಡಲಿ ಮೇಡಂ, ಆಗ ನಿಮ್ಮದು ಕೊಡ್ತೀನಿ." ಚಿಕ್ಕಮಗಳೂರಿನಲ್ಲಿ ಬಾಡಿಗೆ ಮನೆ ಬದಲಾಯಿಸಿದವರಿಗೆ ಈ ಮಾತು ಹೊಸದಲ್ಲ. ಇಲ್ಲೇ ವಿಜಯಪುರ ಬಡಾವಣೆಯ ಮನೆ ಬಿಟ್ಟು ಕಲ್ಯಾಣನಗರಕ್ಕೆ ಬಂದಾಗ ನಾನೂ ಕೇಳಿದೆ. ಕೊಟ್ಟಿದ್ದು 50,000, ವಾಪಸ್ ಬಂದಿದ್ದು 46,500. ಜಗಳವೇನೂ ಆಗಲಿಲ್ಲ.

ಮೊದಲು ಅಗ್ರಿಮೆಂಟ್ ತೆಗೆದು ಓದಿ. ಎಷ್ಟು ದಿನ ಮುಂಚೆ ಹೇಳಬೇಕು, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಎರಡೂ ಅಲ್ಲೇ ಇರುತ್ತವೆ. ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಅಂತ ಸಹಿ ಹಾಕಿದ್ದರೆ ವಾದ ಮಾಡಿ ಪ್ರಯೋಜನವಿಲ್ಲ. ಮನೆ ಬಿಡುವ ವಿಷಯ ಬಾಯಲ್ಲಿ ಹೇಳಿದರೆ ಸಾಲದು, ವಾಟ್ಸಾಪ್‌ನಲ್ಲೂ ಹಾಕಿ: "ಅಂಕಲ್, ಬರೋ ತಿಂಗಳ 30ಕ್ಕೆ ಮನೆ ಖಾಲಿ ಮಾಡ್ತೀವಿ. ಅಡ್ವಾನ್ಸ್‌ನಲ್ಲಿ ಏನಾದ್ರೂ ಹಿಡ್ಕೊಳ್ಳೋದಿದ್ರೆ ಈಗ್ಲೇ ಹೇಳಿ."

ಜಾಸ್ತಿ ತಕರಾರು ಬರೋದು ಗೋಡೆ ವಿಷಯಕ್ಕೆ. ನಮ್ಮೂರ ಮಳೆಗೆ ಗೋಡೆ ಥಂಡಿ ಹಿಡಿದು ಕಪ್ಪಾಗುತ್ತದೆ, ಅದು ಬಾಡಿಗೆದಾರರ ತಪ್ಪಾ? ನಮ್ಮ ಅಡುಗೆಮನೆ ಗೋಡೆ ತೋರಿಸಿ ಓನರ್ 6,000 ಕೇಳಿದರು. ಜುಲೈನಲ್ಲಿ ನೀರು ಇಳಿಯುವಾಗಲೇ ಫೋಟೋ ಕಳಿಸಿದ್ದೆ. "ಮಳೆ ನಿಲ್ಲಲಿ, ನೋಡೋಣ" ಅಂತ ಅವರೇ ಉತ್ತರ ಹಾಕಿದ್ದರು. ಅದನ್ನು ತೋರಿಸಿದೆ, ಮಾತು ಅಲ್ಲಿಗೇ ಮುಗಿಯಿತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಕೂಡ ಮಾಮೂಲಿ ಬಳಕೆಯ ಸವೆತವನ್ನು ಬಾಡಿಗೆದಾರರ ತಲೆಗೆ ಕಟ್ಟುವುದಿಲ್ಲ. ಮಾಸಿದ ಬಣ್ಣ ಅದರಲ್ಲಿ ಬರುತ್ತದೆ. ನನ್ನ ಮಗ ಚೆಂಡು ಹೊಡೆದು ಒಡೆದ ಕಿಟಕಿ ಗಾಜು ಬರುವುದಿಲ್ಲ! ಆ ಗಾಜು, ಕೊನೇ ತಿಂಗಳ ನೀರು, ಕರೆಂಟ್ ಸೇರಿ 3,500 ನಾನೇ ಒಪ್ಪಿಕೊಂಡೆ.

ಬಿಡುವ ದಿನ ಮೆಸ್ಕಾಂ ಮೀಟರ್ ಫೋಟೋ ತೆಗೆಯಿರಿ. ಗೃಹಜ್ಯೋತಿ ನಿಮ್ಮ ಆಧಾರ್‌ನಲ್ಲಿದ್ದರೆ ಸೇವಾ ಸಿಂಧುವಿನಲ್ಲಿ ಹಳೇ ಮನೆಯದನ್ನು ಡಿ-ಲಿಂಕ್ ಮಾಡಿಸಿ. ಇಲ್ಲದಿದ್ದರೆ ಹೊಸ ಮನೆಗೆ ಸಿಗುವುದಿಲ್ಲ.

ಸಾಮಾನು ಹೋದ ಮೇಲೆ ಖಾಲಿ ಮನೆಗೆ ಓನರ್‌ನ ಕರೆಸಿ. ಜೊತೆಗೇ ಒಂದು ಸುತ್ತು ಹಾಕಿ, ವಿಡಿಯೋ ಮಾಡಿ, ಲೆಕ್ಕ ಬರೆದು ಇಬ್ಬರೂ ಸಹಿ ಹಾಕಿ. ದುಡ್ಡು ಅಕೌಂಟ್‌ಗೆ ಬಂದ ಮೇಲೆ ಕೀ ಕೊಡಿ. ಕೆಲವರ ಹತ್ತಿರ ನಿಜವಾಗಿಯೂ ಅಷ್ಟು ದುಡ್ಡು ಇರುವುದಿಲ್ಲ, ನಮ್ಮ ಓನರ್‌ಗೂ ಇರಲಿಲ್ಲ. ಅರ್ಧ ಆವತ್ತೇ ಫೋನ್‌ಪೇ ಮಾಡಿದರು, ಉಳಿದದ್ದಕ್ಕೆ ಮುಂದಿನ ತಾರೀಖಿನ ಚೆಕ್ ಇಸ್ಕೊಂಡೆ. ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೇಸ್ ಆಗುತ್ತದೆ ಅಂತ ಎಲ್ಲರಿಗೂ ಗೊತ್ತು. ಬಾಯಿಮಾತಿನ ವಾಯಿದೆಗೆ ಆ ಹೆದರಿಕೆ ಇಲ್ಲ. ಕೊನೇ ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳುವುದಾದರೆ ಅವರ ಒಪ್ಪಿಗೆ ಮೆಸೇಜ್‌ನಲ್ಲಿ ಇರಲಿ.

ಇಷ್ಟಾದರೂ ಕೊಡದಿದ್ದರೆ ಸುಮ್ನೆ ಫೋನ್ ಮಾಡುತ್ತಾ ಕೂರಬೇಡಿ. ಲೆಕ್ಕ, ಗಡುವು ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ. ಆಮೇಲೆ ವಕೀಲರ ನೋಟಿಸ್. ಪೊಲೀಸ್ ಠಾಣೆಯಲ್ಲಿ ಸಾಮಾನ್ಯವಾಗಿ "ಇದು ಸಿವಿಲ್ ಮ್ಯಾಟರ್" ಅನ್ನುತ್ತಾರೆ. ಅದಕ್ಕಿಂತ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಕೇಸ್ ಹಾಕುವ ಮೊದಲೇ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಕೋರ್ಟಿಗೆ ಹೋಗಲು 3 ವರ್ಷದ ಮಿತಿ ಇದೆ, ಅಷ್ಟರೊಳಗೆ ಹಾಕಬೇಕು.